ಐವತ್ತೆಂಟರ ಗೆರೆ

ಮಧ್ಯಾಹ್ನ ಮೂರಕ್ಕೆ ವೈದ್ಯರ ಸಭೆ. ಮೂತ್ರಪಿಂಡದ ಹೊಸ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅಲ್ಲಿ ನಾನು ಹೇಳಬೇಕು. ಹೌದೆಂದರೆ ಕಾಯುತ್ತಿರುವ ರೋಗಿಗಳಿಗೆಲ್ಲ ಅದನ್ನು ಶುರು ಮಾಡುತ್ತಾರೆ. ಅವರಲ್ಲಿ ನನ್ನ ಯಜಮಾನರೂ ಒಬ್ಬರು. ಊದಿದ ಕಾಲು ಚಾಚಿಕೊಂಡು ಕೆಳಗಿನ ಬೆಂಚಿನ ಮೇಲೆ ಕೂತಿದ್ದರು. ನಾನು ಕೆಲಸ ಮಾಡುವ ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಈ ವಿಷಯ ಯಾರಿಗೂ ಬಾಯಿಬಿಟ್ಟಿರಲಿಲ್ಲ.

ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತೇವೆ. ಅವರ ಕಾಲದಲ್ಲಿ ತೂತು ಹೊಡೆದ ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ಕೋಣೆಗೆ ಕೊಟ್ಟು ಮರುದಿನದವರೆಗೆ ಕಾಯಬೇಕಿತ್ತಂತೆ. ಒಂದು ಕಾರ್ಡು ಅದಲುಬದಲಾದರೂ ಮತ್ತೆ ಮೊದಲಿಂದ. ಹಾಗಾಗಿ ಏನು ಕೇಳಬೇಕೆಂದು ತಲೆ ಕೆಡಿಸಿಕೊಂಡೇ ಕೇಳುತ್ತಿದ್ದರು. ನಾನು ಸೇರುವ ಹೊತ್ತಿಗೆ ಆಜ್ಞೆ ಟೈಪ್ ಮಾಡಿದರೆ ಪರದೆಯ ಮೇಲೆ ಉತ್ತರ ಬರುತ್ತಿತ್ತು. ಒಂದು ಚುಕ್ಕೆ ಬಿಟ್ಟುಹೋದರೂ ಪ್ರೋಗ್ರಾಂ ಮುನಿಸಿಕೊಂಡು ಕೂರುತ್ತಿತ್ತು. ಆಮೇಲೆ ಮೌಸು ಬಂತು, ಮೆನು ಬಂತು. ಈಗಿನದಂತೂ ಬಲು ನಯ. ವಯಸ್ಸು, ತೂಕ ಯಾವುದರ ಮಿತಿ ಬೇಕೋ ಆ ಗೆರೆಯನ್ನು ಮೌಸಿನಿಂದ ಎಳೆದರೆ ಸಾಕು, ಎಳೆಯುತ್ತಿರುವಾಗಲೇ ಗ್ರಾಫು ಬದಲಾಗುತ್ತದೆ. ಕೇಳಿದ್ದಕ್ಕೆಲ್ಲ ಹೂಂಗುಟ್ಟುವವರನ್ನು ಕಂಡರೆ ನನಗೆ ಮೊದಲಿಂದಲೂ ಅನುಮಾನ. ಆದರೆ ಆ ದಿನ ಹೂಂ ಅನ್ನಿಸಿಕೊಳ್ಳುವುದೇ ನನಗೆ ಬೇಕಿತ್ತು.

ಮೊದಲು ಔಷಧಿಯ ಪ್ರಯೋಗದಲ್ಲಿದ್ದ ಎಲ್ಲ ರೋಗಿಗಳನ್ನೂ ಸೇರಿಸಿ ನೋಡಿದೆ. ಔಷಧಿ ತೆಗೆದುಕೊಂಡವರ ರೇಖೆ, ತೆಗೆದುಕೊಳ್ಳದವರ ರೇಖೆ ಎರಡೂ ಅಂಟಿಕೊಂಡೇ ಇದ್ದವು. ಅಂದರೆ ಔಷಧಿಯಿಂದ ವ್ಯತ್ಯಾಸವೇ ಇಲ್ಲ. ತೂಕದ ಗೆರೆ ಎಳೆದೆ. ಹೆಂಗಸರನ್ನು ಬಿಟ್ಟು ನೋಡಿದೆ. ಸಕ್ಕರೆ ಕಾಯಿಲೆಯವರನ್ನು ತೆಗೆದೆ, ಮತ್ತೆ ಸೇರಿಸಿದೆ. ಕೊನೆಗೆ ವಯಸ್ಸಿನ ಗೆರೆಯನ್ನು ಐವತ್ತೆಂಟಕ್ಕೆ ತಂದಾಗ, ಅದಕ್ಕೆ ಮೇಲ್ಪಟ್ಟವರಲ್ಲಿ ಎರಡೂ ರೇಖೆಗಳು ದೂರ ಸರಿದವು. ಔಷಧಿ ಕೆಲಸ ಮಾಡುತ್ತಿತ್ತು. ಹೋದ ಜೀವ ಬಂದಂತಾಯಿತು.

ಯಾವಾಗ ಬಂದರೋ, ಮೇಷ್ಟ್ರು ಹಿಂದೆ ನಿಂತಿದ್ದರು. ಐವತ್ತೇಳಕ್ಕೆ ಎಳೆಯಲು ಹೇಳಿದರು. ರೇಖೆಗಳು ಮತ್ತೆ ಕೂಡಿಕೊಂಡವು. ಅರವತ್ತಕ್ಕೂ ಅದೇ ಕತೆ. ಐವತ್ತೆಂಟರಲ್ಲಿ ಕಂಡದ್ದು ಬರೀ ಕಾಕತಾಳೀಯ.

"ಐವತ್ತೆಂಟೇ ಯಾಕಮ್ಮ?"

ಮೌಸಿನಿಂದ ಕೈ ತೆಗೆದೆ.

"ನಮ್ಮನೆಯವರಿಗೆ ಐವತ್ತೊಂಬತ್ತು, ಸರ್."

ಅವರು ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಸಭೆಯಲ್ಲಿ ತಾವೇ ಮಾತಾಡಲೇ ಎಂದು ಕೇಳಿದರು. ಬೇಡವೆಂದೆ. ಹೋಗಿ, ಮೊದಲು ಬಂದ ಉತ್ತರವನ್ನೇ ಹೇಳಿದೆ. ವ್ಯತ್ಯಾಸ ಕಾಣಲಿಲ್ಲ ಎಂದೆ.

ಮೆಟ್ಟಿಲಿಳಿದು ಬೆಂಚಿನ ಹತ್ತಿರ ಹೋದೆ. ಯಜಮಾನರು ನನ್ನ ಮುಖ ನೋಡಿಯೇ ತಿಳಿದುಕೊಂಡರು. ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಸಂಕೋಚದಿಂದಲೇ ಕೇಳಿದರು:

"ಇನ್ನೊಂದ್ಸಲ ಲೆಕ್ಕ ಹಾಕಿ ನೋಡೋಕಾಗಲ್ವಾ?"