ಮೂವತ್ತು ಜನರ ನಿದ್ದೆ

ಮನಸ್ಸು ಹಗುರ ಮಾಡಿಕೊಳ್ಳುವ ಪಾಠವನ್ನು ಕಂಪ್ಯೂಟರಿನಲ್ಲಿ ನೋಡಿದರೆ ನಿದ್ದೆ ಬರುತ್ತದೆ, ಆತಂಕ ಇಳಿಯುತ್ತದೆ ಎಂಬುದಕ್ಕೆ ಪುರಾವೆ ಬೇಕಿತ್ತು. ಅದಕ್ಕೇ ಮೈಸೂರಿನಲ್ಲಿ ಈ ಸಂಶೋಧನೆ ನಡೆಸುತ್ತಿದ್ದ ಡಾಕ್ಟರು 2007ರ ಆಗಸ್ಟಿನಲ್ಲಿ ಸಹಾಯಕಿಯಾದ ನನ್ನ ಕೈಗೆ ಲ್ಯಾಪ್‌ಟಾಪ್ ಕೊಟ್ಟು ಪಿರಿಯಾಪಟ್ಟಣದ ಹಾರನಹಳ್ಳಿಗೆ ಕಳಿಸಿದರು. ನಿದ್ದೆಯಿಲ್ಲವೆಂದ ಮೂವತ್ತು ರೈತರಿಗೆ ವಾರವಾರವೂ ಪಾಠ ತೋರಿಸಿದೆ. ಅಕ್ಟೋಬರಿನ ಹೊತ್ತಿಗೆ ಎಲ್ಲರೂ ಆರು ಗಂಟೆ ನಿದ್ದೆ ಮಾಡುತ್ತಿದ್ದರು. ನಾನೋ ಹಿಗ್ಗಿಹೋಗಿದ್ದೆ, ಪೆದ್ದಿ.

ಕೊನೆಯ ದಿನ ಆ ಮೂವತ್ತರಲ್ಲಿ ಒಬ್ಬರಾದ ಚಿಕ್ಕಬೀರಮ್ಮನವರ ಜಗಲಿಯಲ್ಲಿ ಕೂತು ಫಾರಂ ತುಂಬುತ್ತ, "ಯಾವ ಪಾಠದಿಂದ ಅನುಕೂಲ ಆಯ್ತಮ್ಮ?" ಎಂದು ಕೇಳಿದೆ.

ಅವರು ಬೆಂಕಿಯ ಕಾವಿನಲ್ಲಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಕೋಣೆ, ಬ್ಯಾರನ್ ಕಡೆ ನೋಡಿದರು. ಅದಕ್ಕೆ ಬೀಗ ಬಿದ್ದಿತ್ತು.

"ನೀನು ಮೊದ್ಲು ಬಂದಾಗ ಸೊಪ್ಪು ಬೇಯ್ಸೋ ಕಾಲ, ಈಗ ಅದು ಮುಗೀತಲ್ಲ ಕಣವ್ವ. ರಾತ್ರಿಯೆಲ್ಲ ಬೆಂಕಿ ಕಾಯಂಗಿಲ್ಲ, ಸೊಪ್ಪು ಸುಟ್ಟೋಯ್ತದೆ ಅನ್ನೋ ದಿಗಿಲಿಲ್ಲ. ಇನ್ನು ನಿದ್ದೆ ಬರ್ದೆ ಏನ್ ಮಾಡ್ತದೆ?"

"ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಕೇಳ್ನಿಲ್ವಲ್ಲ. ಪಾಪ, ಅಷ್ಟು ದೂರದಿಂದ ಪೆಟ್ಗೆ ಹೊತ್ಕಂಡು ಬತ್ತಿದ್ದೆ."

ಮೂವತ್ತೂ ಮನೆಯವರದು ಹೊಗೆಸೊಪ್ಪಿನ ಬೇಸಾಯವೇ. ಮರುದಿನವೇ ಮೈಸೂರಿಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫಾರಂಗಳನ್ನು ನೀಟಾಗಿ ಜೋಡಿಸಿ ಫೈಲಿಗೆ ಸೇರಿಸಿದರು.

"ಮುಂದಿನ ವರ್ಷ ಮುನ್ನೂರು ಜನ," ಎಂದರು. "ಆಗಸ್ಟಿನಲ್ಲೇ ಶುರು ಮಾಡಿ."