ತುಟಿ ಎಳೆದು ನೋಡಬೇಡಿ

ಡಾಕ್ಟರಮ್ಮ ಕೊಟ್ಟ ಹಾಳೆಯಲ್ಲಿ ಒಂಬತ್ತು ಸೂಚನೆಗಳಿದ್ದವು. ಕೂಕಟ್‌ಪಲ್ಲಿಯ ಕ್ಲಿನಿಕ್ಕಿನಿಂದ ಲಿಂಗಂಪಲ್ಲಿಯ ಮನೆಗೆ ಬರುವಾಗ ಆಟೋದಲ್ಲೇ ಅದನ್ನು ಎರಡು ಸಲ ಓದಿದೆ. ಬಿಸಿ ಪದಾರ್ಥ ಬೇಡ, ಸ್ಟ್ರಾ ಬೇಡ, ಜೋರಾಗಿ ಉಗುಳುವುದು ಬೇಡ, ಆ ಜಾಗದಲ್ಲಿ ಬ್ರಷ್ ಬೇಡ. ಏಳನೆಯದರ ಕೆಳಗೆ ಆಕೆ ಪೆನ್ನಿನಿಂದ ಗೆರೆ ಎಳೆದಿದ್ದರು: ಎರಡು ವಾರ ತುಟಿ ಎಳೆದು ನೋಡಬೇಡಿ.

ಅಂಗುಳಿನ ಬಲಭಾಗದಿಂದ ಉಗುರಿನಷ್ಟು ಚರ್ಮ ತೆಗೆದು, ಕೆಳಗಿನ ಮುಂದಿನ ಹಲ್ಲಿನ ಬುಡಕ್ಕೆ ಇಟ್ಟು ಹೊಲಿದಿದ್ದರು. ಅಲ್ಲಿ ವಸಡು ಬೇರಿನ ಅರ್ಧದವರೆಗೂ ಇಳಿದುಹೋಗಿತ್ತು. "ರೋಗವೇನೂ ಅಲ್ಲ, ನೀವೇ ಉಜ್ಜಿ ಉಜ್ಜಿ ಸವೆಸಿದ್ದೀರಿ. ಈ ಕಸಿ ಹತ್ತಿದರೆ ಹಲ್ಲು ಉಳಿಯುತ್ತದೆ. ಹತ್ತದಿದ್ದರೆ ನಾನು ಮಾತು ಕೊಡಲಾರೆ," ಎಂದು ಆಕೆ ಹಿಂದಿಯಲ್ಲಿ ಹೇಳಿದ್ದರು. ಉಜ್ಜುತ್ತಿದ್ದದ್ದು ನಿಜ. ದಿನಕ್ಕೆ ಮೂರು ಸಲ, ಗಡಿಯಾರ ನೋಡಿ ಐದೈದು ನಿಮಿಷ. ನಮ್ಮಪ್ಪನ ಬಾಯಲ್ಲಿ ನಲವತ್ತೈದಕ್ಕೆಲ್ಲ ಒಂದು ಹಲ್ಲೂ ಉಳಿದಿರಲಿಲ್ಲ. ನನಗೆ ಆಗ ಮೂವತ್ತಾರು.

ಹಗಲು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತ, ಸಂಜೆ ಅಮೀರ್‌ಪೇಟೆಯ ಕ್ಲಾಸಿಗೆ ಹೋಗಿ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತವನು ನಾನು. ಮಾದಾಪುರದಲ್ಲಿ ತಿಂಗಳಿಗೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಒಂದರಲ್ಲಿ ನನಗೂ ಕುರ್ಚಿ ಸಿಕ್ಕಿತ್ತು. ಸುತ್ತ ಕೂತವರೆಲ್ಲ ಇಂಜಿನಿಯರುಗಳು. ಅವರು ಒಂದು ಸಲ ನೋಡುವುದನ್ನು ನಾನು ನಾಲ್ಕು ಸಲ ನೋಡುತ್ತಿದ್ದೆ. ಇಲ್ಲದಿದ್ದರೆ ನನ್ನನ್ನು ಯಾಕೆ ಇಟ್ಟುಕೊಳ್ಳಬೇಕು? ಸಂಜೆ ಕ್ಲಾಸಿನ ಮೇಷ್ಟ್ರ ಮೊದಲ ಪಾಠ ಇದೇ ಆಗಿತ್ತು: ಕಣ್ಣಾರೆ ನೋಡದೆ ಸರಿಯಿದೆ ಅನ್ನಬೇಡ, ನೋಡಿದ್ದನ್ನು ಬರೆದಿಡು.

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಬೀದರದಿಂದ ಮಾವ ಮಾಣಿಕಪ್ಪ ಬಂದರು. ಮೂವತ್ತು ವರ್ಷ ನರ್ಸರಿಯಲ್ಲಿ ಮಾವಿನ ಗಿಡಗಳಿಗೆ ಕಸಿ ಕಟ್ಟಿದವರು.

"ಏನ್ರಿ ಅಳಿಯಂದ್ರ, ಬಾಯಾಗ ಮಾವಿನ ಗಿಡಾ ಹಚ್ಚಿಸ್ಕೊಂಡೀರಂತ?"

"ನಗಸಬ್ಯಾಡಪ್ಪಾ, ಹೊಲಿಗಿ ಬಿಚ್ಚತಾವ," ಎಂದಳು ನನ್ನ ಹೆಂಡತಿ ಗುಣವತಿ, ತಣ್ಣಗಾದ ಅಂಬಲಿಯ ಬಟ್ಟಲನ್ನು ನನ್ನ ಮುಂದಿಡುತ್ತ.

"ನಗೂದಿಲ್ಲಾಂದ್ರ ಬಿಡ್ಲಿ. ಆದ್ರ ಒಂದು ಹೇಳ್ತೀನಿ. ಕಸಿ ಕಟ್ಟಿದ ಮ್ಯಾಲ ನಾವು ಪಟ್ಟಿ ಬಿಚ್ಚತಿದ್ದಿಲ್ಲ. ಒಳಗ ಏನ್ ನಡದೈತಿ ಅದು ಗಿಡಕ್ಕ ಗೊತ್ತು. ಬಿಚ್ಚಿ ನೋಡಿದವ್ರ ಗಿಡಾ ಒಂದೂ ಹತ್ತಲಿಲ್ಲ ನೋಡ್ರಿ."

ಮಾತಾಡುವುದು ಕಡಿಮೆ ಇರಲಿ ಎಂದು ಡಾಕ್ಟರಮ್ಮ ಹೇಳಿದ್ದರಿಂದ ಚೀಟಿಯಲ್ಲಿ ಬರೆದು ತೋರಿಸಿದೆ: ನಾನು ನೋಡಿಲ್ಲ. ಬರೆದಾಗ ಅದು ಸುಳ್ಳಾಗಿರಲಿಲ್ಲ.

ಮಧ್ಯಾಹ್ನ ಅವರಿಬ್ಬರೂ ಮಲಗಿದಾಗ ಗಡ್ಡ ಹೆರೆಯುವ ಕನ್ನಡಿ ಹಿಡಿದು ಕಿಟಕಿಯ ಬಳಿ ನಿಂತೆ. ಒಂದೇ ಸಲ ಅಂದುಕೊಂಡೆ. ಹೆಬ್ಬೆರಳು ತೋರುಬೆರಳಿನಲ್ಲಿ ತುಟಿ ಹಿಡಿದು ಕೆಳಗೆಳೆದೆ.

ಬೆಳ್ಳಗಿತ್ತು. ಬಹಳ ಹೊತ್ತು ನೀರಲ್ಲಿಟ್ಟ ಬೆರಳ ತುದಿಯ ಹಾಗೆ, ಜೀವವಿಲ್ಲದ ಬಿಳಿ.

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರಮ್ಮ ಊರಲ್ಲಿರಲಿಲ್ಲ. ಮೊದಲು ಬೆಳ್ಳಗಾಗುವುದು ಸಹಜ, ಹೆದರಬೇಡಿ, ನೋಡಲೂ ಬೇಡಿ ಎಂದು ರಿಸೆಪ್ಷನ್ನಿನ ಹುಡುಗಿ ತೆಲುಗಿನಲ್ಲಿ ಹೇಳಿದಳು. ಅವಳು ಚೀಟಿ ಹರಿಯುವವಳು, ಅವಳಿಗೇನು ಗೊತ್ತು ಅನ್ನಿಸಿತು. ಆಫೀಸಿನ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಬರೆದೆ: ಮೂರನೇ ದಿನ, 2.40. ಬಣ್ಣ ಬಿಳಿ. ಹೊಲಿಗೆ ಏಳು.

ಸಂಜೆ ಇನ್ನೊಮ್ಮೆ ನೋಡಿದೆ, ಹೋಲಿಸಲು. ಒಂದೇ ಸಲ ನೋಡಿದರೆ ಏನೂ ತಿಳಿಯುವುದಿಲ್ಲವಲ್ಲ.

ಐದನೆಯ ದಿನ ಅಂಚಿನಲ್ಲಿ ಕೆಂಪು ಚುಕ್ಕೆಗಳು ಕಂಡವು. ಕೀವಿಗೆ ಮೊದಲು ಹೀಗೇ ಕೆಂಪಾಗುತ್ತದೆ ಅಂದುಕೊಂಡೆ. ಅಂದು ಆರು ಸಲ ನೋಡಿದೆ. ಆರನೆಯ ದಿನ ಬಾಯಿಗೆ ಉಪ್ಪುಪ್ಪು ರುಚಿ ಬಂತು. ಒಂದು ದಾರದ ತುದಿ ಬಿಚ್ಚಿ ನಿಂತಿತ್ತು. ಅದು ಬಿಚ್ಚಿದೆಯೋ, ಹಾಗೆ ಕಾಣುತ್ತಿದೆಯೋ ಎಂದು ತಿಳಿಯಲು ತುಟಿಯನ್ನು ಇನ್ನಷ್ಟು ಎಳೆಯಬೇಕಾಯಿತು. 'ಹೊಲಿಗೆ ಆರು?' ಎಂದು ಬರೆದೆ.

ಅಂದೇ ಗುಣವತಿಗೆ ಗೊತ್ತಾಯಿತು. "ಕನ್ನಡಿ ಎಲ್ಲೈತಿ ಅಂತ ಕೇಳಬ್ಯಾಡ್ರಿ, ಸಿಗೂದಿಲ್ಲ. ಸಣ್ಣ ಹುಡುಗರಿಗಿಂತ ಕಡೀ ಆದ್ರಿ ನೀವು!"

ಕಪಾಟಿನಲ್ಲಿ ಸಂಜೆ ಕ್ಲಾಸಿನವರು ಕೊಟ್ಟ ಸಿ.ಡಿ. ಇತ್ತು. ಅದರ ಹಿಂಬದಿಯಲ್ಲಿ ನನ್ನ ಬಾಯಿ ಕಾಮನಬಿಲ್ಲಿನ ಬಣ್ಣದಲ್ಲಿ ಕಾಣುತ್ತಿತ್ತು. ಬಣ್ಣ ನಂಬುವಂತಿರಲಿಲ್ಲ, ಆದರೆ ಕಸಿಯ ಅಂಚು ಕಾಣುತ್ತಿತ್ತು. ಎಂಟನೆಯ ದಿನ ತುಟಿ ಎಳೆದಾಗ ಅಂಚೂ ತುಟಿಯ ಜೊತೆಗೇ ಬಂತು. ತುಟಿ ಬಿಟ್ಟೆ, ಒಳಗೆ ಹೋಯಿತು. ಮತ್ತೆ ಎಳೆದೆ, ಬಂತು. ಅದನ್ನೂ ಸಮಯದೊಂದಿಗೆ ಬರೆದುಕೊಂಡೆ. ಒಂದನ್ನೂ ತಪ್ಪಿಸದೆ ಬರೆದಿದ್ದೇನೆ ಎಂಬುದೊಂದೇ ಆಗ ನನಗಿದ್ದ ಸಮಾಧಾನ.

ಹದಿನಾಲ್ಕನೆಯ ದಿನ ಗುಣವತಿಯೊಂದಿಗೆ ಕ್ಲಿನಿಕ್ಕಿಗೆ ಹೋದೆ. ಡಾಕ್ಟರಮ್ಮ ದೀಪ ಬಗ್ಗಿಸಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇದನ್ನು ಯಾರಾದರೂ ಎಳೆಯುತ್ತಿದ್ದರಾ?"

ನೋಟುಬುಕ್ಕನ್ನು ಅವರ ಕೈಗೆ ಕೊಟ್ಟೆ. ಅದರಿಂದ ಅವರಿಗೆ ಸಹಾಯವಾಗಬಹುದು ಎಂದು ನಿಜವಾಗಿಯೂ ನಂಬಿದ್ದೆ.

ಅವರು ನಿಧಾನವಾಗಿ ಹಾಳೆ ತಿರುವಿದರು. ಐದನೆಯ ದಿನದ ಪುಟದಲ್ಲಿ ಬೆರಳಿಟ್ಟು ನಿಂತರು. "ಅಂಚಿನಲ್ಲಿ ಕೆಂಪು ಚುಕ್ಕೆ ಅಂತ ಬರೆದಿದ್ದೀರಿ. ಅದು ಕೀವಲ್ಲ ನರಹರಿ ಅವರೇ. ರಕ್ತ ಹರಿಯಲು ಶುರುವಾಗಿತ್ತು. ಇದು ಹತ್ತುತ್ತಿತ್ತು."

ಪುಸ್ತಕ ಮುಚ್ಚಿ ಚಿಮುಟ ತೆಗೆದುಕೊಂಡರು. ಎಳೆಯಬೇಕಾಗಲೇ ಇಲ್ಲ. ಬೂದು ಬಣ್ಣದ ಸಣ್ಣದೊಂದು ಚೂರು ಹತ್ತಿಯ ಮೇಲೆ ಬಿತ್ತು. ನೋವಾಗಲಿಲ್ಲ.

"ಅಂಗುಳಿನ ಎಡಭಾಗ ಇನ್ನೂ ಇದೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಮಾಡೋಣ. ಆದರೆ ಅಲ್ಲಿಯವರೆಗೆ ಹಲ್ಲು ಗಟ್ಟಿ ನಿಲ್ಲಬೇಕು. ಅದನ್ನು ಮುಟ್ಟಬೇಡಿ."

ಆಟೋ ಮಿಯಾಪುರ ದಾಟುವಾಗ ಗುಣವತಿ ಇದ್ದಕ್ಕಿದ್ದಂತೆ ನನ್ನ ಮಣಿಕಟ್ಟು ಹಿಡಿದಳು. "ರೀ, ಕೈ ತೆಗೀರಿ!"

ಮುಂದೆ, ಡ್ರೈವರನ ಕನ್ನಡಿಯಲ್ಲಿ, ನನ್ನ ಕೆಳಗಿನ ಹಲ್ಲುಗಳ ಸಾಲು ಕಾಣುತ್ತಿತ್ತು. ಕೈ ಯಾವಾಗ ತುಟಿಗೆ ಹೋಯಿತೋ ನನಗೆ ಗೊತ್ತೇ ಇರಲಿಲ್ಲ.

ಮನೆ ಬರುವವರೆಗೂ ಅವಳು ನನ್ನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ. ಒಳಗೆ, ನಾಲಿಗೆಯ ತುದಿಯಿಂದ, ಆ ಹಲ್ಲನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ ನೋಡಿದೆ.

ಅಲುಗಿತು. ಖಾತ್ರಿಯಾಗಲಿಲ್ಲ, ಇನ್ನೊಮ್ಮೆ ತಳ್ಳಿದೆ.