ಡಾಕ್ಟರ್ ಏನಂದ್ರು

ರುದೈನಾ ಉತ್ತರದ ಇರ್ಬಿದ್‌ನ ವಿಶ್ವವಿದ್ಯಾಲಯಕ್ಕೆ ಕಾಲಿಟ್ಟಾಗ ಫೆಬ್ರವರಿ ಅರ್ಧ ಕಳೆದಿತ್ತು. ಬಾದಾಮಿ ಮರಗಳೇನೋ ಹೂ ಬಿಟ್ಟಿದ್ದವು, ಆದರೆ ಗಾಳಿ ಇನ್ನೂ ಮೂಳೆ ಕೊರೆಯುತ್ತಿತ್ತು. ಮೊದಲ ವರ್ಷದವರೆಲ್ಲ ಶರತ್ಕಾಲದಲ್ಲೇ ಸೇರಿ, ಜಗಳವಾಡಿ, ರಾಜಿಯಾಗಿ, ಗುಂಪು ಕಟ್ಟಿಕೊಂಡು, ಯಾವ ಕಿಟಕಿಯ ಪಕ್ಕ ಯಾರು ಕೂರಬೇಕೆಂದು ತೀರ್ಮಾನಿಸಿಕೊಂಡಾಗಿತ್ತು. ಮೊದಲ ಪಂಕ್ತಿ ಎದ್ದ ಮೇಲೆ ಊಟಕ್ಕೆ ಬಂದವರ ಪಾಡು ಅವಳದು. ಅವರು ನಕ್ಕರೆ ಯಾಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ, ಸುಮ್ಮನಾದರೆ ಯಾಕೆ ಸುಮ್ಮನಾದರೆಂದೂ ತಿಳಿಯುತ್ತಿರಲಿಲ್ಲ.

ವಸಂತದ ಸೆಮಿಸ್ಟರಿಗೆ ಬಂದು ಸೇರುವವರು ಯಾರೆಂಬುದು ಎಲ್ಲರಿಗೂ ಗೊತ್ತು. ಶಾಲೆ ಮುಗಿಸುವ ಬೇಸಿಗೆಯ ದೊಡ್ಡ ಪರೀಕ್ಷೆಯಲ್ಲಿ ಯಾವುದೋ ಒಂದು ವಿಷಯ ಕೈಕೊಟ್ಟು, ಚಳಿಗಾಲದಲ್ಲಿ ಮತ್ತೆ ಕಟ್ಟಿ ಪಾಸಾದವರು. ಅಂಥವರಿಗೆ 'ತಕ್ಮೀಲಿ' ಅಂತ ಹೆಸರು. ಬಾಕಿ ಉಳಿದದ್ದನ್ನು ಮುಗಿಸಿಕೊಂಡು ಬಂದವರು ಅಂತ. ಬೇಸಿಗೆಯಲ್ಲಿ ಪಾಸಾದವರಿಗೆ ಬೀದಿ ತುಂಬ ಕಾರಿನ ಹಾರ್ನು, ಪಟಾಕಿ, ತಟ್ಟೆಗಟ್ಟಲೆ ಸಿಹಿ. ತಕ್ಮೀಲಿಗಳಿಗೆ ಮನೆಯೊಳಗೇ ಒಂದು ಲೋಟ ಚಹಾ ಸಿಕ್ಕಿದರೆ ದೊಡ್ಡದು.

ಹಾಸ್ಟೆಲಿನ ಕೋಣೆಯಲ್ಲಿದ್ದ ಇನ್ನೊಬ್ಬಳು ಘೈದಾ. ಜರ್ಕಾ ಊರಿನ ಹುಡುಗಿ, ಬಾಯಿಬಡುಕಿ. ರುದೈನಾ ಪೆಟ್ಟಿಗೆ ಇಳಿಸುವ ಮೊದಲೇ ಕೇಳಿದಳು.

"ಯಾವುದ್ರಲ್ಲೇ ಡುಮ್ಕಿ ಹೊಡ್ದೆ?"

"ಡುಮ್ಕಿ ಏನಿಲ್ಲ. ಕೊನೇ ಪೇಪರಿಗೆ ಹೋಗ್ಲಿಲ್ಲ."

"ಯಾಕೆ, ನಿದ್ದೆ ಹತ್ತಿತ್ತಾ?"

"ಅಮ್ಮ ತೀರ್ಕೊಂಡಿದ್ರು."

ಘೈದಾ ನಾಲಿಗೆ ಕಚ್ಚಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ತಾನು ಸುಲಿಯುತ್ತಿದ್ದ ಕಿತ್ತಳೆಯಲ್ಲಿ ಅರ್ಧ ತಂದು ರುದೈನಾಳ ಹಾಸಿಗೆಯ ಮೇಲಿಟ್ಟು ಹೋದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ಬಾಯಿಬಡುಕರಲ್ಲಿ ಒಳ್ಳೆಯವರು ಇರುತ್ತಾರೆ, ಜನಕ್ಕೆ ಅದು ಗೊತ್ತಾಗುವುದು ತಡವಾಗಿ.

ನಡೆದದ್ದು ಹೀಗೆ. ರುದೈನಾಳ ಊರು ದಕ್ಷಿಣದ ತಫೀಲಾ. ತಂದೆ ಅವಳು ಮಗುವಾಗಿದ್ದಾಗಲೇ ತೀರಿಹೋಗಿದ್ದ. ತಾಯಿ ವಿಜ್ದಾನ್ ಮಗಳನ್ನು ಕಟ್ಟಿಕೊಂಡು ತವರಿಗೆ ಬಂದು, ತನ್ನ ತಾಯಿ ಫಿದ್ದಾಳ ಜೊತೆ, ತಮ್ಮ ಖಲಫ್‌ನ ಮನೆಯಲ್ಲೇ ಇದ್ದಳು. ಮಗಳ ದೊಡ್ಡ ಪರೀಕ್ಷೆ ಶುರುವಾಗುವ ಹೊತ್ತಿಗೆ ವಿಜ್ದಾನ್‌ಳನ್ನು ರಾಜಧಾನಿ ಅಮ್ಮಾನಿನ ಆಸ್ಪತ್ರೆಗೆ ಸೇರಿಸಿದರು. "ಸಣ್ಣ ಆಪರೇಷನ್ನು, ನೀನು ಓದ್ಕೋ" ಅಂತ ಹುಡುಗಿಗೆ ಹೇಳಿದರು. ಓದಿಗೆ ಅಡ್ಡಿ ಅಂತ ಅವಳ ಫೋನನ್ನು ಮೊದಲೇ ತೆಗೆದಿಟ್ಟಿದ್ದರು. ಫಿದ್ದಾ ಆಸ್ಪತ್ರೆಯಲ್ಲಿ ಮಗಳ ಪಕ್ಕದಲ್ಲೇ ಕೂತಳು. ವಿಜ್ದಾನ್ ಸತ್ತ ದಿನ ಹುಡುಗಿಗೆ ಇನ್ನೂ ಎರಡು ಪೇಪರು ಬಾಕಿ. ಅದು ಮುಗಿಯುವವರೆಗೆ ಯಾರೂ ತುಟಿ ಬಿಚ್ಚಕೂಡದು ಅಂತ ಫಿದ್ದಾ ಕಟ್ಟಪ್ಪಣೆ ಮಾಡಿದಳು. ದುಃಖ ಕೇಳಲು ಬರುವವರಿಗೆ ಬೇರೆ ಹಳ್ಳಿಯ ನೆಂಟರ ಮನೆಯಲ್ಲಿ ಕುರ್ಚಿ ಹಾಕಿಸಿದರು. ಮಾರನೆಯ ದಿನ ಬೆಳಿಗ್ಗೆ ರುದೈನಾ ಪರೀಕ್ಷೆಯ ಕೋಣೆಯಲ್ಲಿ ಕೂತು ಭೌತಶಾಸ್ತ್ರ ಬರೆಯುತ್ತಿದ್ದಾಗ ಅತ್ತ ತಾಯಿಯನ್ನು ಮಣ್ಣು ಮಾಡಿದರು.

ಹೊರಗೆ ಬಂದಾಗ ಗೇಟಿನ ಹತ್ತಿರ ನೆರೆಮನೆಯ ಹೆಂಗಸೊಬ್ಬಳು ಅವಳ ಕೈ ಹಿಡಿದು, "ದೇವರು ನಿನಗೆ ದೊಡ್ಡ ಪ್ರತಿಫಲ ಕೊಡಲಿ ತಾಯಿ" ಅಂದಳು. ಆ ಮಾತನ್ನು ಯಾರೂ ಪರೀಕ್ಷೆ ಬರೆದವರಿಗೆ ಹೇಳುವುದಿಲ್ಲ. ಸಾವಿನ ಮನೆಯವರಿಗೆ ಮಾತ್ರ ಹೇಳುವ ಮಾತು ಅದು. ರುದೈನಾ ಕೇಳಿದ್ದು ಒಂದೇ, "ಯಾರಿಗಾಯ್ತು?"

ಆಮೇಲೆ ಮನೆಯವರೆಲ್ಲ ಒಂದೇ ಮಾತು ಹೇಳಿದರು. ಮೊದಲು ಹೇಳಿದವಳು ಅಜ್ಜಿ. "ನಿನ್ನಮ್ಮನ ಆಸೆ ಅದು. ಪರೀಕ್ಷೆ ಮುಗಿಯೋವರೆಗೂ ಹುಡುಗಿಗೆ ಹೇಳ್ಬೇಡಿ ಅಂತ ಅವಳೇ ಅಂದಿದ್ಲು."

ಅಜ್ಜಿಯ ಮೇಲೆ ರುದೈನಾಳಿಗಿದ್ದ ಸಿಟ್ಟು ಇಡೀ ತಫೀಲಾಕ್ಕೆ ಗೊತ್ತಿತ್ತು. ಅಜ್ಜಿ ಬಡಿಸಿದರೆ ಊಟ ಬಿಟ್ಟು ಏಳುತ್ತಿದ್ದಳು. ಆದರೆ ಇನ್ನೊಂದು ಸಿಟ್ಟಿತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅದು ಅಮ್ಮನ ಮೇಲೆ. ಸಾಯುತ್ತಿರುವ ತಾಯಿಗೆ ಮಗಳ ಮುಖಕ್ಕಿಂತ ಮಗಳ ಅಂಕ ಮುಖ್ಯವಾಯಿತೇ? ನನ್ನನ್ನು ನೋಡಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲವೇ? ಸತ್ತವರ ಮೇಲೆ ಸಿಟ್ಟು ಮಾಡುವುದು ಪಾಪ ಅಂತ ಅವಳಿಗೆ ಗೊತ್ತಿತ್ತು. ಗೊತ್ತಿದ್ದರೂ ಅದು ಎದೆ ಬಿಟ್ಟು ಹೋಗಲಿಲ್ಲ. ತಾಯಿಗಾಗಿ ಅವಳು ಒಮ್ಮೆಯೂ ಮನಸಾರೆ ಅತ್ತಿರಲಿಲ್ಲ. ಚಳಿಗಾಲದಲ್ಲಿ ಉಳಿದ ಪೇಪರು ಬರೆದಳು. ಮನೆಯಿಂದ ಅತಿ ದೂರ ಇರುವ ವಿಶ್ವವಿದ್ಯಾಲಯ ಯಾವುದೆಂದು ನೋಡಿ ಗಣಿತಕ್ಕೆ ಸೇರಿದಳು.

ಮೊದಲ ದಿನದ ಕ್ಲಾಸಿನಲ್ಲಿ ಪಾಠ ಹೇಳುವವರನ್ನು ಅವಳು ಶಾಲೆಯ ಅಭ್ಯಾಸದಂತೆ "ಮೇಷ್ಟ್ರೇ" ಅಂದಳು. ಹಿಂದಿನ ಸಾಲಿನವರು ಕಿಸಕ್ಕೆಂದರು. ಇಲ್ಲಿ ಮೇಷ್ಟ್ರು ಅನ್ನುವ ಪ್ರಾಣಿ ಇಲ್ಲ. ಪಾಠ ಹೇಳುವವರು ಗಂಡಾಗಲಿ ಹೆಣ್ಣಾಗಲಿ, ಎಲ್ಲರೂ ಡಾಕ್ಟರೇ. ವಾರ ಕಳೆಯುವಷ್ಟರಲ್ಲಿ ಅವಳ ಬಾಯಿಗೂ ಡಾಕ್ಟರ್ ಅನ್ನುವುದು ರೂಢಿಯಾಯಿತು.

ರೂಢಿಯಾಗದೆ ಉಳಿದದ್ದು ಜಾಗದ ತಾಪತ್ರಯ. ಮೊದಲ ಗಣಿತದ ಕ್ಲಾಸು ವಸಂತದಲ್ಲಿ ಒಂದೇ ನಡೆಯುವುದು, ಅದೂ ತುಂಬಿಹೋಗಿತ್ತು. ಅದಿಲ್ಲದೆ ಮುಂದಿನದು ಯಾವುದೂ ಇಲ್ಲ. ಆ ಪಾಠ ಹೇಳುವ ಡಾಕ್ಟರ್ ನಜ್ಮಿಯ ಕೋಣೆಗೆ ಅವಳು ದಿನಾ ಎಡತಾಕಿದಳು. ಅವರು ಬೊಕ್ಕತಲೆಯ ಸಾಧು ಮನುಷ್ಯ, ಒಳ್ಳೆಯ ಮಾತಿನಲ್ಲೇ ಇಲ್ಲ ಅನ್ನುತ್ತಿದ್ದರು. ಒಳ್ಳೆಯ ಮಾತಿನಲ್ಲಿ ಇಲ್ಲ ಅನ್ನುವವರ ಹತ್ತಿರ ಜಗಳವನ್ನಾದರೂ ಹೇಗೆ ಆಡುವುದು?

ಗುರುವಾರ ಸಂಜೆ ಮನೆಗೆ ಫೋನು ಮಾಡುವುದು ಅವಳು ಒಪ್ಪಿಕೊಂಡಿದ್ದ ಒಂದೇ ಕಟ್ಟಳೆ. ಆ ಗುರುವಾರ ಫೋನು ಎತ್ತಿದವಳು ಅಜ್ಜಿ.

"ಹೇಗಿದ್ದೀಯೇ?"

"ಇದ್ದೀನಿ."

"ದನಿ ಯಾಕೆ ಸೋತಂಗಿದೆ?"

"ಡಾಕ್ಟರ್ ಹತ್ರ ಹೋಗಿದ್ದೆ."

"ಡಾಕ್ಟರ್ ಏನಂದ್ರು?"

"ತುಂಬಾ ತಡವಾಗಿ ಬಂದಿದ್ದೀಯ, ಈಗೇನೂ ಮಾಡಕ್ಕಾಗಲ್ಲ ಅಂದ್ರು. ಮೊದಲೇ ಬಂದಿದ್ರೆ ಏನೋ ನೋಡಬಹುದಿತ್ತಂತೆ."

"ಬೇರೆ ಡಾಕ್ಟರಿಲ್ವಾ?"

"ಇದಕ್ಕೆ ಇವರೊಬ್ರೇ. ಅಜ್ಜಿ, ಮಾವನಿಗೆ ಹೇಳ್ಬೇಡ. ಹೇಳಿದ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ ಬಾ ಅಂತಾನೆ."

"ಹೇಳಲ್ಲ," ಅಂದಳು ಫಿದ್ದಾ. ಫೋನು ಕಟ್ಟಾಯಿತು. ಎಂದಿನಂತೆ ತಿಂದ್ಯಾ, ಉಂಡ್ಯಾ, ಚಳಿಗೆ ಏನು ಹೊದ್ಕೋತೀಯ ಅಂತ ಕೇಳಲಿಲ್ಲವಲ್ಲ, ಸದ್ಯ ಬಿಡುಗಡೆ ಅಂದುಕೊಂಡಳು ರುದೈನಾ.

ಭಾನುವಾರ ಅಲ್ಲಿ ವಾರದ ಮೊದಲ ಕೆಲಸದ ದಿನ. ಮಧ್ಯಾಹ್ನ ಅವಳು ಇನ್ನೊಮ್ಮೆ ಬೇಡಿಕೊಳ್ಳಲು ಹೋದಾಗ ಡಾಕ್ಟರ್ ನಜ್ಮಿಯ ಬಾಗಿಲ ಮುಂದೆ ಹುಡುಗರು ಗುಂಪುಗೂಡಿದ್ದರು. ಜೊತೆಗೆ ಗೇಟಿನ ಕಾವಲುಗಾರ. ಅವನು ನಗಬೇಕೋ ಅಳಬೇಕೋ ತಿಳಿಯದ ಮುಖ ಹೊತ್ತು ನಿಂತಿದ್ದ.

"ಮುದುಕಿ ಒಂದು ಬಂದಿದೆ," ಅಂತ ಅವನು ಹುಡುಗರಿಗೆ ಹೇಳುತ್ತಿದ್ದ. "ಡಾಕ್ಟರನ್ನ ನೋಡ್ಬೇಕು ಅಂತು. ಯಾವ ಡಾಕ್ಟರು ಹಜ್ಜಾ, ಇಲ್ಲಿ ನೂರಾರು ಜನ ಡಾಕ್ಟರಿದ್ದಾರೆ ಅಂದೆ. ಇಷ್ಟೊಂದು ಜನ ಇಟ್ಕೊಂಡು ಒಂದು ಹೆಣ್ಣುಮಗೀನ ಉಳಿಸಕ್ಕಾಗಲ್ವಾ ನಿಮಗೆ ಅಂತ ನನ್ನೇ ಬೈತು. ಗಣಿತದ ಹುಡುಗಿ ಅಂತು, ಅದಕ್ಕೆ ಇಲ್ಲಿಗೆ ಕರ್ಕೊಂಬಂದೆ."

ಒಳಗಿನಿಂದ ಬಂದ ದನಿ ಕೇಳಿ ರುದೈನಾ ನಿಂತಲ್ಲೇ ನಿಂತಳು.

"ಕೂತ್ಕೊಳ್ಳಿ ಹಜ್ಜಾ," ಅನ್ನುತ್ತಿದ್ದರು ಡಾಕ್ಟರ್ ನಜ್ಮಿ, ಹಿರಿಯ ಹೆಂಗಸರನ್ನು ಕರೆಯುವ ಗೌರವದ ಮಾತಿನಲ್ಲೇ.

"ಕೂರಕ್ಕೆ ಬಂದಿಲ್ಲ ಮಗ. ರುದೈನಾ ಅಂತ ತಫೀಲಾ ಹುಡುಗಿ, ನಿನ್ನ ಹತ್ರ ಬಂದಿದ್ಲಲ್ಲ. ನೀನು ತಡವಾಯ್ತು ಅಂದ್ಯಂತೆ."

"ಹೌದು, ಬಂದಿದ್ಲು. ತಡ ಆಗಿದ್ದು ನಿಜ."

"ನನ್ನ ಹತ್ರ ಮುಚ್ಚಿಡಬೇಡ. ಎಲ್ಲಿವರೆಗೆ ಅಂತ ಹೇಳು."

"ಜೂನ್ ತನಕ, ಹಜ್ಜಾ," ಅಂದರು ಅವರು. ಸೆಮಿಸ್ಟರಿನ ಲೆಕ್ಕ ಕೇಳುತ್ತಿದ್ದಾಳೆ ಅಂದುಕೊಂಡಿದ್ದರು ಪಾಪ. "ಜೂನ್‌ಗೆ ಎಲ್ಲಾ ಮುಗಿಯತ್ತೆ."

ರುದೈನಾ ಹುಡುಗರನ್ನು ತಳ್ಳಿಕೊಂಡು ಒಳಗೆ ನುಗ್ಗಿದಳು. ಕಸೂತಿಯ ಕಪ್ಪು ನಿಲುವಂಗಿಯಲ್ಲಿ ಫಿದ್ದಾ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. ಕಾಲ ಬಳಿ ಒಂದು ಚೀಲ. ಅದರೊಳಗಿಂದ ಆಲಿವ್ ಎಣ್ಣೆಯ ಬಾಟಲಿಯ ಕುತ್ತಿಗೆ ಕಾಣುತ್ತಿತ್ತು.

"ಅಜ್ಜಿ, ಇವರು ಮೇಷ್ಟ್ರು. ಪಾಠ ಹೇಳೋರು. ಕ್ಲಾಸಲ್ಲಿ ಜಾಗ ಇಲ್ಲ ಅಂದ್ರು, ಅಷ್ಟೇ. ನನಗೇನೂ ಆಗಿಲ್ಲ."

ಫಿದ್ದಾ ಅವಳ ಕೆನ್ನೆ ಮುಟ್ಟಿದಳು, ಹಣೆ ಮುಟ್ಟಿದಳು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ಮತ್ತೆ ಡಾಕ್ಟರು ಅಂದ್ಯಲ್ಲೇ."

"ಇಲ್ಲಿ ಮೇಷ್ಟ್ರಿಗೆಲ್ಲ ಹಾಗೇ ಅನ್ನೋದು."

ಬಾಗಿಲಲ್ಲಿ ನಗೆ ಎದ್ದಿತು. ಡಾಕ್ಟರ್ ನಜ್ಮಿ ಒಂದು ಸಲ ಆ ಕಡೆ ನೋಡಿದ್ದೇ ತಡ ಅದು ನಿಂತಿತು. ತಾನು ಆ ಮುದುಕಿಗೆ ಏನು ಹೇಳಿಬಿಟ್ಟೆ ಅನ್ನುವುದು ಅವರಿಗೀಗ ಅರ್ಥವಾಗಿ ಮುಖ ಕಪ್ಪಿಟ್ಟಿತ್ತು. ಅವರಿಬ್ಬರೂ ಹೊರಡುವಾಗ, "ನಾಳೆ ಪಕ್ಕದ ಕೋಣೆಯಿಂದ ಒಂದು ಕುರ್ಚಿ ತಂದ್ಕೊಂಡು ಕೂತ್ಕೋಮ್ಮ, ಉಳಿದದ್ದು ನಾನು ನೋಡ್ಕೋತೀನಿ" ಅಂದರು. ಇಷ್ಟು ದಿನ ಕಾಡಿ ಬೇಡಿದ ಆ ಕುರ್ಚಿ ಸಿಕ್ಕಿತು ಅನ್ನುವುದು ರುದೈನಾಳ ತಲೆಗೆ ಹೋಗಲೇ ಇಲ್ಲ.

ಹೊರಗೆ ಸೈಪ್ರೆಸ್ ಮರಗಳ ಕೆಳಗೆ ಕಲ್ಲಿನ ಕಟ್ಟೆಯ ಮೇಲೆ ಕೂತರು. ಹುಡುಗಿಯರು ನಗುತ್ತಾ ಹಾದು ಹೋದರು. ರುದೈನಾಳಿಗೆ ಅವಮಾನವಾಗಬೇಕಿತ್ತು, ಆಗಲಿಲ್ಲ. ಇಷ್ಟು ದೂರ, ಅಮ್ಮಾನಿನಲ್ಲಿ ಬಸ್ಸು ಬದಲಿಸಿಕೊಂಡು, ಓದು ಬರಹ ಬಾರದ ಹೆಂಗಸು ಒಬ್ಬಳೇ ಬಂದಿದ್ದಳು.

"ಮಾವನಿಗೆ ಹೇಳಿ ಬರಬಾರ್ದಿತ್ತಾ?" ಅಂದಳು ರುದೈನಾ.

"ಹೇಳ್ಬೇಡ ಅಂದಿದ್ದು ನೀನೇ ಅಲ್ವಾ. ಹೇಳಿದ್ರೆ ಅವನು ನನ್ನ ಬಿಡ್ತಿರ್ಲಿಲ್ಲ. ನೀನೂ ಆ ಡಾಕ್ಟರೂ ಸೇರ್ಕೊಂಡು ಇಷ್ಟು ದಿನ ನನಗೆ ಮುಚ್ಚಿಟ್ಟಿದ್ದೀರ ಅಂದ್ಕೊಂಡೆ. ಮುದುಕಿ, ತಡ್ಕೊಳ್ಳಲ್ಲ ಅಂತ. ಬಸ್ಸಲ್ಲಿ ದಾರಿಯುದ್ದಕ್ಕೂ ನಿಮ್ಮಿಬ್ರಿಗೂ ಶಾಪ ಹಾಕ್ಕೊಂಡು ಬಂದೆ. ನನ್ನ ಮಗು ಸಾಯ್ತಾ ಇದ್ರೆ ನನಗೆ ಹೇಳದೇ ಇರಕ್ಕೆ ಇವರ್ಯಾರು, ಆ ಹಕ್ಕು ಇವರಿಗೆ ಯಾರು ಕೊಟ್ರು ಅಂತ." ಅವಳು ತಲೆವಸ್ತ್ರದ ಅಂಚಿನಿಂದ ಬಾಯಿ ಒರೆಸಿಕೊಂಡಳು. "ಹಂಗೆ ಅಂದ್ಕೊಂಡ ಮೇಲೆ ಇನ್ನೊಂದು ಶಾಪ ಬಾಯಿಗೆ ಬರಲಿಲ್ಲ."

ರುದೈನಾ ಚೀಲದಲ್ಲಿ ವಾಲಿದ್ದ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿದಳು.

"ನಿನ್ನಮ್ಮ ಹಂಗಂದಿರ್ಲಿಲ್ಲ ಕಣೇ."

"ಹೇಗೆ?"

"ಪರೀಕ್ಷೆ ಮುಗಿಯೋವರೆಗೂ ಹೇಳ್ಬೇಡಿ ಅಂತ. ಅವಳು ಅನ್ನಲಿಲ್ಲ. ನಾನಂದೆ. ಅವಳು ನಿನ್ನ ಕರ್ಕೊಂಬಾ ಅಂದ್ಲು. ಹುಡುಗಿಗೆ ಪರೀಕ್ಷೆ ಇದೆಯಲ್ಲೇ ಅಂದೆ. 'ಪರೀಕ್ಷೆ ಮತ್ತೆ ಬರತ್ತಮ್ಮ, ನಾನು ಮತ್ತೆ ಬರ್ತೀನಾ' ಅಂದ್ಲು. ಸರಿ, ಕರೆಸಿದ್ದೀನಿ, ದಾರೀಲಿದ್ದಾಳೆ ಅಂತ ಸುಳ್ಳು ಹೇಳ್ದೆ. ಅವಳು ಬಾಗಿಲ ಕಡೆ ತಿರುಗಿಸಿ ಮಲಗಿಸು ಅಂದ್ಲು. ತಿರುಗಿಸಿದೆ."

ಫಿದ್ದಾಳ ದನಿಯಲ್ಲಿ ಅಳು ಇರಲಿಲ್ಲ. ಕ್ಷಮಿಸು ಅಂತಲೂ ಅನ್ನಲಿಲ್ಲ. "ಅವಳನ್ನ ಓದಿಸಕ್ಕೆ ನನ್ನ ಕೈಲಾಗ್ಲಿಲ್ಲ. ನಿನ್ನನ್ನಾದ್ರೂ ದಡ ಸೇರಿಸ್ಬೇಕು ಅಂತ ಹಠ ಹಿಡಿದೆ. ಅದಕ್ಕೆ ನಿಮ್ಮಿಬ್ರಿಗೂ ಮೋಸ ಮಾಡ್ದೆ," ಅಂದಳು.

ರುದೈನಾ ಈ ದಿನಕ್ಕಾಗಿ ಎಷ್ಟೋ ಮಾತು ಕೂಡಿಟ್ಟಿದ್ದಳು. ಅಜ್ಜಿ ಎಂದಾದರೂ ಒಪ್ಪಿಕೊಂಡರೆ ಹೀಗೆ ಹೇಳಬೇಕು, ಹೀಗೆ ಚುಚ್ಚಬೇಕು ಅಂತ. ಈಗ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಮ್ಮ ಕರೆದಿದ್ದಳು. ಅಮ್ಮನಿಗೆ ತಾನು ಬೇಕಾಗಿದ್ದೆ. ಬಾಗಿಲ ಕಡೆ ಮುಖ ಮಾಡಿ ಕಾದ ಆ ಹೆಂಗಸಿನ ಮೇಲೆ ತಾನು ಇಷ್ಟೂ ತಿಂಗಳು ಸಿಟ್ಟಿಟ್ಟುಕೊಂಡು ಓಡಾಡಿದ್ದೆ. ಎದೆಯೊಳಗಿಂದ ಏನೋ ಕಿತ್ತು ಬಂದಂತಾಗಿ ಅವಳು ಮುಖ ಮುಚ್ಚಿಕೊಂಡು ಅತ್ತಳು. ಹೋಗಿಬರುವವರು ನಿಂತು ನೋಡಿದರು. ನೋಡಲಿ ಬಿಡು ಅನ್ನಿಸಿತು. ಫಿದ್ದಾ ಕೈ ಎತ್ತಿ ಅವಳ ಬೆನ್ನಿನ ತನಕ ತಂದು, ಮುಟ್ಟಲು ಧೈರ್ಯ ಸಾಲದೆ ಮತ್ತೆ ತನ್ನ ಮಡಿಲಲ್ಲೇ ಇಟ್ಟುಕೊಂಡಳು.

ಅಳು ಒಂದು ಹದಕ್ಕೆ ಬಂದಾಗ ಫಿದ್ದಾ ಚೀಲ ಹುಡುಗಿಯ ಕಡೆ ಸರಿಸಿ ಎದ್ದಳು. "ನಾನಿನ್ನು ಹೊರಡ್ತೀನಿ. ಕೊನೇ ಬಸ್ಸು ತಪ್ಪತ್ತೆ. ಫೋನು ಮಾಡ್ಬೇಕು ಅಂತೇನಿಲ್ಲ, ಇನ್ಮೇಲೆ ನಿನ್ನಿಷ್ಟ."

ಕ್ಷಮಿಸಲು ರುದೈನಾಳಿಂದ ಆಗಲಿಲ್ಲ. ಬಹುಶಃ ನಾಳೆಯೂ ಆಗದು. ಅದನ್ನು ಸುಳ್ಳು ಸುಳ್ಳೇ ಹೇಳುವ ಮನಸ್ಸೂ ಇರಲಿಲ್ಲ. ಅವಳು ಅಜ್ಜಿಯ ನಿಲುವಂಗಿಯ ತೋಳು ಹಿಡಿದು ಜಗ್ಗಿದಳು.

"ಕೂತ್ಕೋ. ಇವತ್ತೆಲ್ಲೂ ಹೋಗ್ಬೇಡ, ಹಾಸ್ಟೆಲಲ್ಲಿ ನಾನು ಕೇಳ್ತೀನಿ."

"ಯಾಕೆ?"

"ಅಮ್ಮ ಇನ್ನೂ ಏನೇನಂದ್ಲು, ಎಲ್ಲಾ ಹೇಳು. ಆಸ್ಪತ್ರೆಗೆ ಹೋದ ದಿನದಿಂದ ಹೇಳು."

ಫಿದ್ದಾ ಕೂತಳು. ತಲೆವಸ್ತ್ರ ಸರಿಮಾಡಿಕೊಂಡಳು. ಆಮೇಲೆ ಮೊದಲ ದಿನ ಬೆಳಿಗ್ಗೆ ಮನೆಯಿಂದ ಕಾರು ಹೊರಟಲ್ಲಿಂದ ಹೇಳತೊಡಗಿದಳು, ಯಾವುದನ್ನೂ ಬಿಡದೆ, ಯಾವುದಕ್ಕೂ ಸಕ್ಕರೆ ಹಚ್ಚದೆ.